ಒಂದು ಜಾಗಕ್ಕೆ ಒಂದೇ ಆಳ

ಮುಖ್ಯಸ್ಥರಿಗೆ ಕಚೇರಿಯವರು ಬೆನ್ನ ಹಿಂದೆ ಇಟ್ಟ ಹೆಸರು ಇಸ್ತ್ರಿ. ನಕ್ಷೆಯಲ್ಲಿ ಒಂದು ಸುಕ್ಕು ಕಂಡರೂ ಅವರಿಗೆ ಊಟ ಸೇರುತ್ತಿರಲಿಲ್ಲ. ಊರಿನ ನೆಲದಡಿ ಬಂಡೆ ಎಷ್ಟು ಆಳದಲ್ಲಿದೆ ಎಂದು ಅಲ್ಲೊಂದು ಇಲ್ಲೊಂದು ಕಡೆ ಕೊರೆದು ನೋಡಿದ ಅಂಕಿಗಳನ್ನು ಕೊಟ್ಟರೆ ಸಾಕು, ನಡುವೆ ಯಾರೂ ನೋಡದ ಜಾಗವನ್ನೆಲ್ಲ ಕಂಪ್ಯೂಟರ್ ನಯವಾದ ಒಂದೇ ಮೇಲ್ಮೈಯಾಗಿ ತುಂಬಿಕೊಡುತ್ತಿತ್ತು. ಆ ಕೆಲಸ ತಂಗಿಯದು. ನಕ್ಷೆಯಲ್ಲಿ ಕೊರೆದ ಜಾಗಗಳನ್ನು ತೋರಿಸುವ ಬಿಂದುಗಳಲ್ಲಿ ಒಂದು, ನದಿಯ ಪಕ್ಕದ್ದು, ಅಕ್ಕನದು.

ಸುತ್ತಲೂ ಹನ್ನೆರಡು ಮೀಟರಿಗೇ ಬಂಡೆ ಸಿಕ್ಕಿದ್ದರೂ ಅಲ್ಲಿ ನಲವತ್ತೆರಡು ಎಂದು ಬರೆದವಳು ಅಕ್ಕ. ಆಗ ಅವಳೂ ಇದೇ ಕಚೇರಿಯ ಭೂವಿಜ್ಞಾನಿ. "ಮರದಡಿ ಕೂತು ಬರೆದ ಅಂಕಿ" ಎಂದು ಇಸ್ತ್ರಿ ಎಲ್ಲರೆದುರು ನಕ್ಕ ದಿನವೇ ಕೆಲಸ ಬಿಟ್ಟಳು. "ನನ್ನ ಬಿಂದು ಮಾತ್ರ ಅಳಿಸಬೇಡ ಕಣೇ" ಎಂದಷ್ಟೇ ತಂಗಿಯನ್ನು ಕೇಳಿದ್ದಳು.

"ಇದೇನಮ್ಮಾ, ಕೆನ್ನೆ ಮೇಲೆ ಕುರು ಎದ್ದ ಹಾಗೆ?" ಇಸ್ತ್ರಿ ಪರದೆಯ ಮೇಲೆ ಆ ಬಿಂದುವಿನ ಸುತ್ತ ಆಳದ ಗೆರೆಗಳು ಬಿಗಿದುಕೊಂಡು ಆದ ಉಂಗುರಗಳನ್ನು ತೋರಿಸಿದರು. "ತೆಗೆ. ಅಕ್ಕನ ಮೇಲಿನ ಮಮತೆ ಮನೇಲಿರಲಿ."

ತಂಗಿ ತೆಗೆದಳು. ಒಂದು ಬಟನ್ ಒತ್ತಿದ್ದಷ್ಟೇ. ಉಂಗುರಗಳು ಹೇಳಹೆಸರಿಲ್ಲದಂತೆ ಹೋದವು.

ಆ ನಕ್ಷೆಯನ್ನು ನೆಚ್ಚಿ ಸೇತುವೆಯ ಕಂಬಕ್ಕೆ ಅದೇ ಜಾಗ ಆರಿಸಿದರು. ಕೊರೆಯುವ ಯಂತ್ರ ಜೇಡಿಮಣ್ಣಿನಲ್ಲಿ ಇಳಿದದ್ದೇ ಇಳಿದದ್ದು. ಬಂಡೆ ಸಿಕ್ಕಿದ್ದು ನಲವತ್ತೊಂದಕ್ಕೆ.

"ಹೊಸ ಅಂಕಿ ಸೇರಿಸು" ಎಂದರು ಇಸ್ತ್ರಿ, ಮುಖ ನೋಡದೆ.

ತಂಗಿ ಅಕ್ಕನದನ್ನೂ ಮರಳಿ ಸೇರಿಸಿದಳು. ಕಂಪ್ಯೂಟರ್ ಒಪ್ಪಲಿಲ್ಲ. ಒಂದೇ ಜಾಗಕ್ಕೆ ಎರಡು ಆಳ ಕೊಟ್ಟರೆ ಅದರ ಮೇಲ್ಮೈ ಯಾವುದರ ಮೂಲಕ ಹಾಯಬೇಕು?

"ಎರಡರ ಸರಾಸರಿ ಹಾಕ್ಲಾ ಸರ್?"

"ಒಳ್ಳೇ ಹಾಲಿಗೆ ಹುಳಿ ಹಿಂಡ್ತೀಯಾ? ಹೊಸದೊಂದೇ ಇರಲಿ."

ಎರಡನೇ ಸಲವೂ ಅಳಿಸಿದ್ದು ಅವಳ ಬೆರಳೇ.

ಮನೆಯಲ್ಲಿ ಅಕ್ಕ ತಂಗಿ ತಂದ ಹೊಸ ನಕ್ಷೆಯನ್ನು ಮೇಜಿನ ಮೇಲೆ ಹರಡಿ, ಉಂಗುರಗಳ ನಡುವೆ ಬೆರಳಿಟ್ಟಳು. ಎಷ್ಟೋ ಕಾಲದ ಮೇಲೆ ನಕ್ಕಳು.

"ನೋಡೇ, ನನ್ನ ಹಳ್ಳ! ಆ ಇಸ್ತ್ರಿ ಎಷ್ಟು ಉಜ್ಜಿದ್ರೂ ಹೋಗ್ಲಿಲ್ಲ. ತೆಗಿ ಅಂತ ನಿನ್ನ ತಲೆ ತಿಂದಿರ್ತಾನೆ. ನೀನು ಬಿಟ್ಟುಕೊಡ್ಲಿಲ್ಲ ಅಲ್ವಾ?"

"ಹೂಂ" ಎಂದಳು ತಂಗಿ.

ಬಿಂದುವಿನ ಪಕ್ಕದಲ್ಲಿ ನಲವತ್ತೊಂದು ಎಂದು ಸಣ್ಣದಾಗಿ ಅಚ್ಚಾಗಿತ್ತು. ಅಕ್ಕ ಕನ್ನಡಕಕ್ಕಾಗಿ ತಡಕಾಡತೊಡಗಿದಳು. ಅದು ತನ್ನ ಕೈಗೆಟುಕುವಷ್ಟು ಹತ್ತಿರವೇ ಇದ್ದರೂ ತಂಗಿ ಎತ್ತಿಕೊಡಲಿಲ್ಲ.