ಕೈ ಮಾಡಿದಲ್ಲಿ ನಿಲ್ಲುವ ಗಾಡಿ

ತಿರುವಿನಲ್ಲಿ ಉಗಿಬಂಡಿ ಹೊಗೆ ಬಿಟ್ಟದ್ದು ಪರದೆಯ ಮೇಲೆ ಕಂಡಾಗ ಚಪ್ಪಾಳೆ ಬಿತ್ತು. ವಿಲೆ ಪಾರ್ಲೆಯ ತಮ್ಮ ಹೋಟೆಲಿನ ಮಹಡಿಯಲ್ಲಿ ಸಮಿತಿಯ ಅಧ್ಯಕ್ಷ ಪ್ರಶಾಂತ ಶೆಟ್ಟರು ಎಲ್ಲರಿಗೂ ಕಾಫಿ ತರಿಸಿದ್ದರು. ವಿಜಯಪುರದ ಕಡೆ ಮುಚ್ಚಿಹೋಗಿದ್ದ ಸಣ್ಣ ರೈಲುಮಾರ್ಗವನ್ನು ಪರಂಪರೆಯ ಹೆಸರಿನಲ್ಲಿ ಉಳಿಸಿಕೊಂಡದ್ದು ಈ ಸಮಿತಿ. ಮೊದಲ ಪ್ರಯೋಗದ ಓಟವನ್ನು ಕೊನೆಯ ಡಬ್ಬಿಯಿಂದ ಚಿತ್ರಿಸಿದ್ದರು.

ಶರಣ ಕಾಫಿ ಮುಟ್ಟಲಿಲ್ಲ. ಕಾಂದಿವಲಿಯ ಕಾರ್ಖಾನೆಯಿಂದ ನೇರ ಬಂದಿದ್ದ ಅವನ ಕಣ್ಣು ತನ್ನೂರನ್ನು ಹುಡುಕುತ್ತಿತ್ತು. ಮಾರ್ಗ ಉಳಿಸಿರೆಂಬ ಮನವಿಗೆ ಊರಿನವರ ಸಹಿ ತಂದವನು ಅವನೇ. ಸೋದರತ್ತೆ ರುದ್ರವ್ವ ಮನೆಮನೆಗೆ ಜೊತೆಗೆ ಬಂದು, "ಗಾಡಿ ನಮ್ಮೂರಾಗ ನಿಲ್ತೈತಿ, ನನ್ನ ಅಳಿಯ ಮಾತು ಕೊಟ್ಟಾನ" ಎಂದು ಹೆಬ್ಬೆಟ್ಟು ಒತ್ತಿಸಿದ್ದಳು.

ಅವನೂರಿನ ಬೇವಿನ ಮರ ಬಂತು. ಕೆಳಗೆ ಹತ್ತಾರು ಜನ. ಎಲ್ಲರಿಗಿಂತ ಮುಂದೆ ರುದ್ರವ್ವ, ಕಂಕುಳಲ್ಲಿ ಗಂಟು, ಬಲಗೈ ಮೇಲೆ. ಗಾಡಿ ವೇಗ ತಗ್ಗಿಸಲಿಲ್ಲ.

ಶೆಟ್ಟರು ಚಿತ್ರ ನಿಲ್ಲಿಸಿದರು. "ನೋಡಿ ಮಾರ್ರೆ, ಎಷ್ಟು ಖುಷಿಯಲ್ಲಿ ಟಾಟಾ ಮಾಡ್ತಾರೆ."

"ಟಾಟಾ ಅಲ್ರಿ ಅದು." ಶರಣ ಎದ್ದು ನಿಂತ. "ನಿಲ್ಸು ಅಂತ ಕೈ ಮಾಡ್ಯಾರ. ಆ ಗಾಡಿ ಮೊದಲಿಂದನೂ ಕೈ ಮಾಡಿದಲ್ಲಿ ನಿಲ್ತಿತ್ತು. ಹಾಲಿನ ಕ್ಯಾನು, ಬಾಣಂತಿ, ಎಲ್ಲಾರನ್ನೂ ಹತ್ತಿಸ್ಕೊಂಡು ಹೋಗ್ತಿತ್ತು."

"ಅದು ಆಗಿನ ಕತೆ. ಇದು ಟೂರಿಸ್ಟ್ ಟ್ರೇನು. ಸಿಕ್ಕಿದಲ್ಲೆಲ್ಲ ನಿಲ್ಸಿದ್ರೆ ಆಗ್ತದಾ?"

"ಹಂಗಾರ ಅವರ ಹೆಬ್ಬೆಟ್ಟು ಯಾಕ ಬೇಕಾಗಿತ್ರೀ? ನಿಮ್ಮ ಟೂರಿಸ್ಟರ ಕಡೆನ ಒತ್ತಿಸ್ಕೋಬೇಕಿತ್ತು. ಹಳೇ ಬೋಲ್ಟು ಒಂದೂ ಬದಲಿ ಆಗಬಾರದಂತ ಮೀಟಿಂಗ್ ಮ್ಯಾಲೆ ಮೀಟಿಂಗ್ ಮಾಡಿದ್ರಿ. ಒಳಗ ಕೂಡೋ ಮಂದಿ ಮಾತ್ರ ಬದಲಿ ಆಗಬೌದೇನು?"

ಯಾರೋ ಗಂಟಲು ಸರಿಮಾಡಿಕೊಂಡರು. ಇನ್ನೊಬ್ಬರು ಫೋನು ನೋಡತೊಡಗಿದರು.

"ಕೂತ್ಕೊಳ್ಳಿ ಶರಣ," ಎಂದರು ಶೆಟ್ಟರು, ಗಿರಾಕಿಯನ್ನು ಸಮಾಧಾನಪಡಿಸುವ ದನಿಯಲ್ಲಿ. "ನೋಡುವವರಿಗೆ ಇದೆಲ್ಲ ಎಲ್ಲಿ ಗೊತ್ತಾಗ್ತದೆ? ಪೋಸ್ಟರಿಗೆ ಇದೇ ಫೋಟೊ ಇರ್ಲಿ. ಅಜ್ಜಿ ಚಂದ ಬಂದಿದ್ದಾರೆ."

ಶರಣ ಕೂರಲಿಲ್ಲ. ಮೇಜಿನ ಮೇಲಿದ್ದ ರಿಮೋಟನ್ನು ತಾನೇ ಎತ್ತಿಕೊಂಡು ಒತ್ತಿದ.

"ಪೂರಾ ನೋಡ್ರಿ," ಎಂದ.

ಗಾಡಿ ಮುಂದಕ್ಕೆ ಓಡಿತು. ಬೇವಿನ ಮರ ಹಿಂದೆ ಸರಿಯುತ್ತ ಸಣ್ಣದಾಯಿತು. ಎತ್ತಿದ ಕೈಗಳು ಒಂದೊಂದಾಗಿ ಇಳಿದವು. ರುದ್ರವ್ವ ಹಳಿಯ ಹತ್ತಿರಕ್ಕೆ ಬಂದಳು. ಗಂಟನ್ನು ಬಲಗಂಕುಳಿಗೆ ಬದಲಿಸಿಕೊಂಡು, ಎಡಗೈ ಎತ್ತಿದಳು.