ಬೂಟು ಬಿಚ್ಚದ ರೋಗಿ

ಓಟದ ಬೂಟು ಬಿಚ್ಚುವುದಿಲ್ಲ ಎಂದು ತಮ್ಮ ಬೆಳಿಗ್ಗೆಯಿಂದ ಹಟ ಹಿಡಿದಿದ್ದ. ಎದೆಗೆ ವೈರು ಅಂಟಿಸಿಕೊಂಡು, ಆಸ್ಪತ್ರೆಯ ಬಿಳಿ ಹಾಸಿಗೆಯ ಮೇಲೆ, ಮಣ್ಣು ಮೆತ್ತಿದ ಬೂಟಿನಲ್ಲೇ ಮಲಗಿದ್ದ. ತನ್ನ ಹೊಲಿಗೆ ಅಂಗಡಿಯಲ್ಲಿ ಕತ್ತರಿಸಿದ ಬಟ್ಟೆಯನ್ನು ಹೊಲಿಯದೆ ಹಾಗೇ ಬಿಟ್ಟು ಓಡಿಬಂದ ಅಕ್ಕನಿಗೆ ಅದನ್ನು ನೋಡಿ ನೋಡಿ ತಲೆ ಚಿಟ್ಟು ಹಿಡಿದಿತ್ತು.

ಅಗ್ನಿಶಾಮಕ ದಳದ ಆಯ್ಕೆಯ ಓಟ ನಾಳೆ. ಅದಕ್ಕಾಗಿಯೇ ಎರಡು ವರ್ಷ ಬೆವರು ಸುರಿಸಿದವನು ಇವತ್ತು ಮೈದಾನದಲ್ಲಿ ಕೊನೆಯ ಸುತ್ತು ಮುಗಿಸಿ, ಎದೆ ಹಿಡಿದುಕೊಂಡು ಕುಸಿದಿದ್ದ. ಜೊತೆಗಾರರು ಇಲ್ಲಿಗೆ ತಂದು ಸೇರಿಸುವಷ್ಟರಲ್ಲಿ ನೋವು ಮಾಯ. ಇಸಿಜಿಯಲ್ಲಿ ಏನೂ ಕಾಣಲಿಲ್ಲ, ರಕ್ತಪರೀಕ್ಷೆಯಲ್ಲೂ ಇಲ್ಲ. ಆದರೂ ಇನ್ನೊಂದು ಸಲ ರಕ್ತ ನೋಡುವ ತನಕ ಬಿಡುವುದಿಲ್ಲ ಎಂದಿದ್ದರು ಡಾಕ್ಟರು.

“ಇಪ್ಪತ್ತಾರನೇ ವಯಸ್ಸಿಗೆ ಯಾರಿಗಾದ್ರೂ ಹೃದಯ ಕೆಡತ್ತೇನೇ ಅಕ್ಕಾ? ಎಲ್ಲೋ ಸ್ನಾಯು ಹಿಡ್ಕೊಂಡಿರತ್ತೆ.”

“ಹೌದಪ್ಪ, ನೀನೇ ಡಾಕ್ಟ್ರು. ಅವ್ರು ಸುಮ್ನೆ ಶೋಕಿಗೆ ಬಿಳಿ ಕೋಟು ಹಾಕ್ಕೊಂಡಿದಾರೆ.”

ಅವನ ವಟವಟ ತಾಳಲಾರದೆ ಅವಳು ಚಹಾ ಕುಡಿಯಲು ಹೋದಳು. ವಾಪಸು ಬಂದಾಗ ಮಂಚದ ಸುತ್ತಲಿನ ಪರದೆ ಅಲ್ಲಾಡುತ್ತಿತ್ತು, ಯಂತ್ರ ಕಿರುಚುತ್ತಿತ್ತು. ಪರದೆ ಸರಿಸಿದರೆ, ಮಂಚದ ಸರಳು ಹಿಡಿದು ತಮ್ಮ ಬಸ್ಕಿ ಹೊಡೆಯುತ್ತಿದ್ದ. ಒಂದು ವೈರು ಕಿತ್ತು ಜೋತಾಡುತ್ತಿತ್ತು.

“ಏನೋ ಇದು ನಿನ್ನ ಅವತಾರ?”

“ಚೆನ್ನಾಗಿದೀನಿ ಅಂತ ತೋರಿಸ್ತಿದೀನಿ.”

ಓಡಿಬಂದ ನರ್ಸು ಅವನನ್ನು ಹಿಡಿದು ಕೂರಿಸಿದಳು. “ನಾವಿಲ್ಲಿ ನೋಡ್ತಿರೋದು ನಿಮ್ಮ ಹೃದಯಾನ, ತೊಡೇನಲ್ಲ.”

ಅವನು ತಲೆ ತಗ್ಗಿಸಿ ಬೂಟಿನ ಲೇಸನ್ನು ಇನ್ನಷ್ಟು ಬಿಗಿದ. ಬೈಯಲು ಬಾಯಿ ತೆರೆದ ಅಕ್ಕನಿಗೆ ಹಳೆಯದೊಂದು ನೆನಪಾಯಿತು. ಚಿಕ್ಕವನಿದ್ದಾಗ ಗೋಡೆಯಿಂದ ಬಿದ್ದು ಕೈ ಮುರಿದಾಗಲೂ ಹೀಗೇ, ಸಂಜೆಯವರೆಗೆ ತುಟಿ ಪಿಟಕ್ಕೆನ್ನದೆ ಮೂಲೆಯಲ್ಲಿ ಕೂತಿದ್ದ.

“ನೋವಿದೆಯೇನೋ?”

ಅವನು ಬೂಟಿನ ತುದಿ ನೋಡುತ್ತಿದ್ದ. “ಹೇಳಿದ್ರೆ ನಾಳೆ ಓಟ ಹೋಯ್ತು.”

“ಹೇಳ್ದೇ ಇದ್ರೆ?”

ನರ್ಸು ವೈರನ್ನು ಮತ್ತೆ ಅಂಟಿಸಿದಳು.

“ಇದೆ,” ಎಂದ ಕೊನೆಗೆ. “ಬೆಳಿಗ್ಗೆ ಬಂದ ಜಾಗದಲ್ಲೇ.”

ಕೂಡಲೇ ಮತ್ತೆ ಇಸಿಜಿ ತೆಗೆದರು. ಡಾಕ್ಟರು ಬೆಳಗಿನದನ್ನೂ ಇದನ್ನೂ ಪಕ್ಕಪಕ್ಕ ಹಿಡಿದು ನೋಡಿದರು.

“ಆಗ ಇಲ್ದೇ ಇದ್ದದ್ದು ಈಗ ಕಾಣ್ತಿದೆ. ಮೈ ದಣಿದಾಗ ಹೃದಯಕ್ಕೆ ರಕ್ತ ಸಾಲ್ತಿಲ್ಲ ಅನ್ಸತ್ತೆ. ಯಾಕೆ ಅಂತ ಹುಡುಕ್ಬೇಕು. ಅಲ್ಲೀವರೆಗೂ ಓಟದ ಮಾತೇ ಇಲ್ಲ. ಇನ್ನೊಂದ್ಸಲ ಬಸ್ಕಿ ಹೊಡೆದ್ರೆ ಮಂಚಕ್ಕೆ ಕಟ್ಟಿಹಾಕಿಸ್ತೀನಿ.”

ತಮ್ಮ ಒಂದು ಕಾಲನ್ನು ಅಕ್ಕನ ಕಡೆ ಚಾಚಿದ.

ದಿನವಿಡೀ ಹೊಲಿಗೆ ಬಿಚ್ಚುವ ಉಗುರಿಗೂ ಬೂಟಿನ ಲೇಸಿನ ಆ ಗಂಟು ಸುಲಭಕ್ಕೆ ಬಗ್ಗಲಿಲ್ಲ.

“ಇದನ್ನೂ ಹಟ ಮಾಡ್ಕೊಂಡೇ ಕಟ್ಟಿದೀಯಲ್ಲೋ, ಪುಣ್ಯಾತ್ಮ,” ಎಂದು ಗೊಣಗುತ್ತಾ ಅವಳು ಬಗ್ಗಿ ಕೂತಳು.