ಓದಿ ಹೇಳದ ಅಧ್ಯಾಯ

ಮಕ್ಕಳ ಕಾದಂಬರಿ ಬರೆಯುವವರು ಊರಿಗೆ ಹತ್ತು ಜನ ಸಿಗುತ್ತಾರೆ. ಬರೆದದ್ದನ್ನು ಮಕ್ಕಳೆದುರು ಕೂತು ಓದುವ ಧೈರ್ಯ ಇರುವವರು ಕಡಿಮೆ. ಲೇಖಕಿಗೆ ಆ ಧೈರ್ಯವಿತ್ತು. ತಂಗಿಯ ಮೂವರು ಮಕ್ಕಳಲ್ಲಿ ನಡುವಿನ ಹುಡುಗಿ ಆರು ವರ್ಷದವಳಿದ್ದಾಗಿನಿಂದ ಪ್ರತಿ ಶನಿವಾರ ಮಧ್ಯಾಹ್ನ ಬಂದು, ದೊಡ್ಡಮ್ಮನ ಮಂಚದ ಮೇಲೆ ಕಾಲು ಇಳಿಬಿಟ್ಟು ಕೂತು ಕೇಳುತ್ತಿದ್ದಳು. ಲೇಖಕಿಯ ಒಂದು ಕಣ್ಣು ಹಾಳೆಯ ಮೇಲೆ, ಇನ್ನೊಂದು ಆ ಕಾಲುಗಳ ಮೇಲೆ. ಕಾಲು ಆಡತೊಡಗಿತೋ, ಆ ಸಾಲಿನ ಪಕ್ಕ ಪೆನ್ಸಿಲ್ ಗೀಟು. ಹುಡುಗಿ ನೀರು ಕುಡಿಯಲು ಎದ್ದಳೋ, ಆ ಪುಟವೇ ಕಸದ ಬುಟ್ಟಿಗೆ. ಹೀಗಾಗಿ ಅವಳಿಗೆ ಜಡ್ಜಮ್ಮ ಅಂತಲೇ ಹೆಸರು ಬಿದ್ದಿತ್ತು.

ಕಥಾ ಶಿಬಿರಗಳಲ್ಲಿ ಲೇಖಕಿ ಹೊಸಬರನ್ನು ಹಿಡಿದು ಝಾಡಿಸುತ್ತಿದ್ದಳು. "ಯಾವ ಹನ್ನೆರಡು ವರ್ಷದ ಹುಡುಗ ರೀ ಹೀಗೆ ಮಾತಾಡ್ತಾನೆ? ಇದು ನಿಮ್ಮ ಮಾತು, ಅವನ ಬಾಯಿಗೆ ತುರುಕಿದೀರಿ. ಮಕ್ಕಳ ಮಾತನ್ನ ಕಟ್ಟೋಕೆ ಹೋಗ್ಬೇಡಿ, ಕೇಳಿಸ್ಕೊಳ್ಳಿ." ಹೊಸಬರು ತಲೆಯಾಡಿಸುತ್ತಿದ್ದರು. ಹಾಗೆ ಕೇಳಿಸಿಕೊಂಡ ಮಾತು ಆಮೇಲೆ ಯಾರದ್ದು ಎಂದು ಒಬ್ಬರೂ ಕೇಳಲಿಲ್ಲ. ಕೇಳಿದ್ದರೆ ಅವಳ ಬಳಿ ಉತ್ತರವೂ ಇರುತ್ತಿರಲಿಲ್ಲ.

ಜಡ್ಜಮ್ಮನಿಗೆ ಹದಿಮೂರು ತುಂಬಿದ ವರ್ಷ. ಒಂದು ಶನಿವಾರ ಓದಲು ಏನೂ ಇರಲಿಲ್ಲ. ಇಬ್ಬರೂ ಒಣಗಿದ ಬಟ್ಟೆ ಮಡಿಸುತ್ತಿದ್ದರು. ಹುಡುಗಿ ಟವೆಲಿನ ಅಂಚು ಜೋಡಿಸುತ್ತ, ತಲೆ ಎತ್ತದೆ ಹೇಳಿದಳು:

"ದೊಡ್ಡಮ್ಮ, ಅಮ್ಮ ಊಟಕ್ಕೆ ಕರೆಯೋವಾಗ ನನ್ನ ಹೆಸರು ಯಾವಾಗ್ಲೂ ಕೊನೇಲಿ. ಮೊದಲು ಅಣ್ಣ, ಆಮೇಲೆ ಪುಟ್ಟಿ. ನನ್ನ ಹೆಸರು ಬರೋ ಹೊತ್ತಿಗೆ ಅಮ್ಮಂಗೆ ಉಸಿರೇ ಮುಗಿದಿರುತ್ತೆ. ನಲವತ್ತೊಂದು ದಿನ ಎಣಿಸಿದೀನಿ. ಯಾರಿಗೂ ಹೇಳ್ಬೇಡ."

"ನಿನ್ನಾಣೆ ಹೇಳಲ್ಲ ಕಣೇ."

ಲೇಖಕಿ ಅವಳನ್ನು ಬರಸೆಳೆದು ಅಪ್ಪಿಕೊಂಡಳು. ಆ ಅಕ್ಕರೆ ನಿಜ. ಸಂಜೆಯ ಚಹಾ ಕುದಿಯುವುದರೊಳಗೆ ಆ ಮಾತು ನೋಟ್‌ಬುಕ್ಕಿಗೆ ಇಳಿದದ್ದೂ ಅಷ್ಟೇ ನಿಜ.

ಆ ನೋಟ್‌ಬುಕ್ಕಿನಿಂದ ಕಾದಂಬರಿ ಹುಟ್ಟಿತು. ಗುರುತು ಸಿಗದಂತೆ ಮಾಡುವುದರಲ್ಲಿ ಲೇಖಕಿ ಪಳಗಿದ ಕೈ. ಮೂವರು ಮಕ್ಕಳನ್ನು ನಾಲ್ವರು ಮಾಡಿದಳು. ಮನೆಯಲ್ಲೇ ಬಟ್ಟೆ ಹೊಲಿದುಕೊಡುವ ತಾಯಿಯನ್ನು ನರ್ಸ್ ಮಾಡಿದಳು. ಹುಡುಗಿಗೆ ಒಂದು ದಪ್ಪ ಕನ್ನಡಕ ಹಾಕಿಸಿದಳು. ಆ ಮಾತನ್ನೂ ಬದಲಿಸಲು ಮೂರು ಸಲ ಕೂತಳು; ಮೂರು ಸಲವೂ ಶಿಬಿರದ ಹೊಸಬರು ಬರೆದಂತೆ ಸಪ್ಪೆಯಾಗಿ ಬಂತು. ಕೊನೆಗೆ ಇದ್ದದ್ದು ಇದ್ದ ಹಾಗೆ, ನಲವತ್ತೊಂದರ ಸಮೇತ, ಒಂಬತ್ತನೇ ಅಧ್ಯಾಯದಲ್ಲಿ ಕೂರಿಸಿದಳು.

ಎಂಟು ಅಧ್ಯಾಯಗಳನ್ನು ಶನಿವಾರಗಳಲ್ಲಿ ಎಂದಿನಂತೆ ಓದಿ ಹೇಳಿದಳು. ಒಂಬತ್ತರ ಸರದಿ ಬಂದ ದಿನ ಸೀದಾ ಹತ್ತಕ್ಕೆ ಹಾರಿದಳು.

"ಒಂಬತ್ತೆಲ್ಲಿ?" ಎಂದಳು ಜಡ್ಜಮ್ಮ.

"ಅದಿನ್ನೂ ಸರಿಹೋಗಿಲ್ಲ ಕಣೇ."

ಸರಿಹೋಗಿತ್ತು. ಇಡೀ ಪುಸ್ತಕದಲ್ಲಿ ಒಂದು ಗೀಟೂ ಬೇಡದ ಅಧ್ಯಾಯ ಅದೊಂದೇ. ತಪ್ಪು ಮಾಡುತ್ತಿದ್ದೇನೆಂದು ತಿಳಿಯದವಳು ಹಾಗೆ ಪುಟ ಹಾರಿಸುವುದಿಲ್ಲ. ಅವಳಿಗೆ ತಿಳಿದಿತ್ತು.

ಪುಸ್ತಕ ಬಂತು. ಎಂದಿನಂತೆ ಒಂದು ಪ್ರತಿ ತಂಗಿಗೆ ಹೋಯಿತು. ಅದರಲ್ಲಿ ಅಪಾಯವೇನೂ ಕಾಣಲಿಲ್ಲ, ಏಕೆಂದರೆ ತಂಗಿ ಅಕ್ಕನ ಪುಸ್ತಕಗಳನ್ನು ಓದುತ್ತಿರಲಿಲ್ಲ. ಹೊಲಿಗೆ ಯಂತ್ರದ ಪಕ್ಕ ಸಾಲಾಗಿಟ್ಟು, ಬಂದವರಿಗೆಲ್ಲ ತೋರಿಸಿ ಬೀಗುತ್ತಿದ್ದಳಷ್ಟೆ. ಆದರೆ ಈ ಸಲ, ಬಟ್ಟೆ ಸಿದ್ಧವಾಗಲೆಂದು ಕಾಯುತ್ತ ಕೂತಿದ್ದ ಗಿರಾಕಿಯೊಬ್ಬಳು ಪುಟ ತಿರುವುತ್ತ ಕಣ್ಣೊರೆಸಿಕೊಂಡಳು. "ಈ ಒಂಬತ್ತನೇದು ನೀವು ಓದ್ಲೇಬೇಕು ರೀ" ಎಂದು ತೆರೆದ ಪುಟವನ್ನೇ ಕೈಗಿಟ್ಟಳು. ತಂಗಿ ಓದಿದಳು.

ತಂಗಿಯ ಫೋನ್ ಬರುವುದು ನಿಂತುಹೋಯಿತು. ಎರಡು ಶನಿವಾರ ಹುಡುಗಿಯ ಸುಳಿವಿಲ್ಲ. ಮೂರನೆಯ ಶನಿವಾರ ಬಂದಳು. ಮಂಚದ ಮೇಲೆ ಕೂರಲಿಲ್ಲ.

"ಅಮ್ಮ ಓದಿದ್ಲು."

ಲೇಖಕಿ ಅವಸರವಾಗಿ ಶುರುಮಾಡಿದಳು. "ಅದು ನೀನಲ್ಲ ಕಣೇ. ಆ ಹುಡುಗಿಗೆ ಕನ್ನಡಕ ಇದೆ. ಅವಳಮ್ಮ ನರ್ಸು. ಮಕ್ಕಳೂ ನಾಲ್ಕು ಜನ..."

"ದೊಡ್ಡಮ್ಮ." ಹಟ ಮಾಡುವ ಮಗುವನ್ನು ತಡೆಯುವ ಹಾಗಿತ್ತು ಆ ದನಿ. "ಅದೊಂದನ್ನ ನಂಗೆ ಓದಿ ಹೇಳ್ಲಿಲ್ಲ ನೀನು."

"ಮುಂದಿನ ಮುದ್ರಣದಲ್ಲಿ ತೆಗೆದು ಹಾಕ್ತೀನಿ" ಎಂದಳು ಲೇಖಕಿ.

"ಅಮ್ಮನ ತಲೆಯಿಂದಾನೂ ತೆಗೀತೀಯಾ?"

"ಬೈದ್ಲಾ?"

"ಬೈದಿದ್ರೆ ಎಷ್ಟೋ ಚೆನ್ನಾಗಿರ್ತಿತ್ತು." ಹುಡುಗಿ ಕಿಟಕಿಯ ಕಡೆ ತಿರುಗಿದಳು. "ಈಗ ದಿನಾ ನನ್ನ ಹೆಸರೇ ಮೊದಲು. ಬೀದಿಗೆಲ್ಲ ಕೇಳೋ ಹಾಗೆ ಕೂಗ್ತಾಳೆ. ಅಣ್ಣ ನಗ್ತಾನೆ. ನಾನು ಹೋಗಿ ಕೂತ್ರೆ ನನ್ನ ಮುಖಾನೇ ನೋಡ್ತಾಳೆ, ಸರಿಯಾಗಿ ಕರೆದ್ನಾ ಅಂತ. ಮುಂಚೆ ಕೊನೇಲಿ ಕರೀತಿದ್ಲು, ಆದ್ರೆ ನನ್ನನ್ನೇ ಕರೀತಿದ್ಲು. ಈಗ ನಿನ್ನ ಪುಸ್ತಕದ ಹುಡುಗೀನ ಕರೀತಾಳೆ."

ಲೇಖಕಿಗೆ ನಾಚಿಕೆಯಿಂದ ಭೂಮಿಗಿಳಿದು ಹೋದಂತಾಯಿತು. ಆದರೆ ಅದಕ್ಕೂ ಒಂದು ಕ್ಷಣ ಮೊದಲು ಬೇರೇನೋ ಆಗಿತ್ತು. ಅವಳ ಕಿವಿ ನಿಮಿರಿತ್ತು. ಎಂಥ ಮಾತು, ಕೂಡಿಸುವಂತಿಲ್ಲ, ಕಳೆಯುವಂತಿಲ್ಲ! ಮುಖದಲ್ಲಿ ಒಂದು ಬೆಳಕು ಬಂದು ಹೋದದ್ದು ಅವಳಿಗೇ ಗೊತ್ತಾಯಿತು. ಏಳೆಂಟು ವರ್ಷ ಎದುರು ಕೂತು ಆ ಮುಖವನ್ನೇ ನೋಡಿದ್ದ ಹುಡುಗಿಗೆ ಗೊತ್ತಾಗದೆ ಇರುತ್ತದೆಯೇ?

"ಬರ್ಕೋ ದೊಡ್ಡಮ್ಮ, ಮರ್ತು ಹೋಗುತ್ತೆ" ಎಂದು ಹುಡುಗಿ ಚಪ್ಪಲಿ ಮೆಟ್ಟಿದಳು.

"ನಿಲ್ಲೇ... ಚಿನ್ನಾ, ನಿಲ್ಲೇ!"

ನಿಲ್ಲಲಿಲ್ಲ. ಲೇಖಕಿ ಮಂಚದ ತುದಿಯಲ್ಲಿ ಕುಸಿದು ಕೂತು ಅತ್ತಳು. ತೋರಿಕೆಯ ಅಳುವಲ್ಲ; ನೋಡಲು ಅಲ್ಲಿ ಯಾರೂ ಇರಲಿಲ್ಲ. ಸ್ವಂತ ಮಗಳಿಲ್ಲದ ಕೊರತೆಯನ್ನು ಮರೆಸಿದ್ದವಳು ಇನ್ನು ಈ ಮೆಟ್ಟಿಲು ಹತ್ತುವುದಿಲ್ಲ ಎಂಬುದು ಖಾತ್ರಿಯಾಗಿತ್ತು. ಕೆಳಗೆ ಗೇಟು ಹಾಕಿದ ಸದ್ದಾಯಿತು. ಅವಳು ಕಣ್ಣೊರೆಸಿಕೊಂಡು ಎದ್ದಳು, ಮೇಜಿನ ಹತ್ತಿರ ಹೋದಳು, ಹುಡುಗಿ ಆಡಿದ ಮಾತನ್ನು ಒಂದಕ್ಷರ ತಪ್ಪದ ಹಾಗೆ ಬರೆದುಕೊಂಡಳು.